ಮೈಕ್ ಹಿಂದೆ ಕೂತವಳು ನನ್ನ ಮಗಳು

ಮಗಳ ಶಾಲೆಯವರು ಸಮೂಹ ಗಾಯನದಲ್ಲಿ ಮೊದಲ ಬಹುಮಾನ ತಂದ ಫೋಟೋ ಹಾಕಿದ್ದೆ. ಆಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. "ಇದ್ರಾಗ ನಿಮ್ಮ ಮಗಳು ಯಾರ್ರೀ?" ಹಾಡ್ತಿರುವ ಐದು ಹುಡುಗಿಯರಲ್ಲಿ ಹುಡುಕಿದರೆ ಸಿಗಲ್ಲ. ಎಡಗಡೆ ಮೂಲೆಯಲ್ಲಿ, ಮೈಕ್ ಸ್ಟ್ಯಾಂಡಿನ ಹಿಂದೆ ಅರ್ಧ ಮುಖ, ಮುಂದೆ ಒಂದು ಡಗ್ಗಾ (ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ನುಡಿಸುವ ದೊಡ್ಡದು) ಕಾಣ್ತಿದೆಯಲ್ಲ, ಅವಳೇ. ಒಂಬತ್ತನೇ ಕ್ಲಾಸು. ತಬಲಾ ನುಡಿಸ್ತಾಳೆ.

ಹಾಡಿದವರಿಗೆ ಕಪ್ಪು, ಸರ್ಟಿಫಿಕೇಟು ಬಂತು. ಹಾರ್ಮೋನಿಯಂ ಹುಡುಗನಿಗೂ ಇವಳಿಗೂ ಚಹಾ ಸಿಕ್ತು. ಅವಳಿಗೇನೂ ಬೇಜಾರಿಲ್ಲ. ಬೇಜಾರು ನನಗೆ!

ಯಾಕೆ ಅಂದರೆ ಅವತ್ತು ಆ ಹಾಡು ಉಳಿದದ್ದು ಹೇಗೆ ಅಂತ ನಾನು ಮುಂದಿನ ಸಾಲಿನಲ್ಲೇ ಕೂತು ನೋಡಿದ್ದೇನೆ. ಎರಡನೇ ಚರಣಕ್ಕೆ ಒಬ್ಬ ಹುಡುಗಿ ಗಾಬರಿಯಲ್ಲಿ ಎರಡು ಮಾತ್ರೆ, ಅಂದರೆ ತಾಳದ ಎರಡು ಎಣಿಕೆ, ಮುಂಚೆನೇ ಹಾಡು ಎತ್ತಿಬಿಟ್ಟಳು. ಇನ್ನಿಬ್ಬರು ಅವಳ ಹಿಂದೆ ಹೋದರು, ಉಳಿದಿಬ್ಬರು ಸುಮ್ಮನಾದರು. ನನ್ನ ಎದೆ ಧಸಕ್ಕೆಂದಿತು. ಮಗಳು ಕೈ ನಿಲ್ಲಿಸಲಿಲ್ಲ. ಎಡಗೈ ಹಗುರ ಮಾಡಿದಳು, ಉರುಳಿಕೆ ಎಲ್ಲ ಬಿಟ್ಟು ಬರೀ ಕೇರವಾ ತಾಳದ ಠೇಕಾ, ಅಂದರೆ ಅದರ ಮೂಲ ಬಡಿತ, ಹಿಡಿದಳು. ಕಣ್ಣು ಆ ಹುಡುಗಿಯ ಬಾಯಿ ಮೇಲೆ. ಸಾಲು ಮುಗಿಯುವ ಹೊತ್ತಿಗೆ ಒಂದು ಸಣ್ಣ ತಿಹಾಯಿ (ಒಂದೇ ಬೋಲು ಮೂರು ಸಲ) ಹಾಕಿ ಕತ್ತು ಆಡಿಸಿದಳು ನೋಡಿ, ಐದೂ ಜನ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಪಲ್ಲವಿಗೆ ಬಂದು ಕೂತರು. ತಪ್ಪಾಗಿದ್ದೇ ಯಾರಿಗೂ ಗೊತ್ತಾಗಲಿಲ್ಲ. ತೀರ್ಪುಗಾರರಿಗೂ ಗೊತ್ತಾಗಿಲ್ಲ ಅನಿಸುತ್ತೆ. ಬಹುಮಾನ ಬಂತಲ್ಲ!

ನನಗೆ ಸಂಗೀತ ಬರಲ್ಲ. ಆದರೆ ಇವಳ ರಿಯಾಜ್ (ದಿನದ ಅಭ್ಯಾಸ) ಕೇಳಿ ಕೇಳಿ ದಾದರಾ ತಾಳಕ್ಕೆ ಆರು ಮಾತ್ರೆ, ಕೇರವಾಕ್ಕೆ ಎಂಟು, ತೀನ್ ತಾಲಕ್ಕೆ ಹದಿನಾರು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಜೋಳದ ರೊಟ್ಟಿ ಬಡಿಯುವಾಗ ಕೈ ತಾನಾಗಿಯೇ ದಾದರಾಕ್ಕೆ ಹೋಗುತ್ತೆ. ನಮ್ಮ ಬಿಸಿಲಿಗೆ ಚರ್ಮ ಬಿಗಿದು ತಬಲಾದ ಸ್ವರ ಏರುತ್ತೆ, ಮಳೆಗಾಲದಲ್ಲಿ ಸಡಿಲಾಗಿ ಇಳಿಯುತ್ತೆ. ಕಾರ್ಯಕ್ರಮಕ್ಕೆ ಮುಂಚೆ ಸುತ್ತಿಗೆ ಹಿಡಿದು ಅಂಚಿಗೆ ಟಕ್ ಟಕ್ ಬಡಿದು ಸ್ವರ ಕೂರಿಸೋದೇ ಒಂದು ಕೆಲಸ. ನೋಡುವವರಿಗೆ ಅದು ಸುಮ್ನೆ ಟೈಂಪಾಸ್.

ಶುರುವಿನಲ್ಲಿ ಅತ್ತೆಯವರು ಹೇಳಿದ್ದರು, "ಹೆಣ್ಣುಡುಗಿಗೆ ತಬಲಾ ಯಾಕವಾ? ಹಾಡೋದು ಕಲಿಸು." ತಬಲಾ ವಾದಕಿ ಅನುರಾಧಾ ಪಾಲ್ ನುಡಿಸುವ ವಿಡಿಯೋ ತೋರಿಸಿದೆ. ದೊಡ್ಡ ತಬಲಾ ಉಸ್ತಾದ್ ಅಲ್ಲಾ ರಖಾ ಅವರ ಶಿಷ್ಯೆ ಅಂದೆ. ಪೂರ್ತಿ ನೋಡಿದರು, ಏನೂ ಅನ್ನಲಿಲ್ಲ. ಈಗ ರಿಯಾಜ್ ಹೊತ್ತಿಗೆ ಟಿವಿ ಸೌಂಡ್ ಕಡಿಮೆ ಮಾಡುವವರು ಅವರೇ.

ನಮ್ಮ ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿದೆ. ಇದೇ ಜಿಲ್ಲೆಯ ಗಾಯಕರು, ಅಭಿಮಾನ ಪಡಬೇಕಾದ್ದೇ. ಆದರೆ ಅವರಿಗೆ ತಬಲಾ ಸಾಥ್ ಕೊಟ್ಟವರ ಹೆಸರು ಹೇಳಿ ಅಂದರೆ ಎಷ್ಟು ಜನ ಹೇಳ್ತೀವಿ? ಮಾನ್ವಿ, ಚೀಕಲಪರ್ವಿ ಅಂತ ಹರಿದಾಸರ ಊರುಗಳು ನಮ್ಮಲ್ಲೇ ಇವೆ. ಹಳ್ಳಿಯ ಭಜನೆಗೆ ಹೋಗಿ ನೋಡಿ, ತಬಲಾದವನು ಬರೋತನಕ ಎಲ್ಲರೂ ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ. ಪದ ಮುಗಿದ ಮೇಲೆ ಶಹಬ್ಬಾಸ್ ಮಾತ್ರ ಹಾಡಿದವರಿಗೆ. ಆದರೆ ತಬಲಾದ ಜಾಕಿರ್ ಹುಸೇನರಿಗೆ 2024ರಲ್ಲಿ ಒಂದೇ ದಿನ ಮೂರು ಗ್ರ್ಯಾಮಿ ಬಂದಾಗ ಸ್ಟೇಟಸ್ ಹಾಕಿದವರೂ ನಾವೇ ಅಲ್ವಾ?

ಹಾಡುವ ಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಚೆನ್ನಾಗಿಯೇ ಹಾಡಿದರು. ಆದರೆ ಹದಿನಾಲ್ಕರ ವಯಸ್ಸಿಗೆ ಎಲ್ಲರೂ ನನ್ನನ್ನೇ ನೋಡಲಿ ಅನ್ನೋ ಆಸೆ ಇರುತ್ತೆ. ಆ ವಯಸ್ಸಿನಲ್ಲಿ ಇನ್ನೊಬ್ಬರ ದನಿಗೆ ಕಿವಿ ಕೊಟ್ಟು ಕೂರೋದನ್ನು ನನ್ನ ಮಗಳು ಕಲಿತಿದ್ದಾಳೆ. ನನ್ನ ಜಂಬವೆಲ್ಲ ಅದಕ್ಕೇ. ಶಾಲೆಯ ಮುಖ್ಯ ಗುರುಗಳಿಗೆ ಹೇಳಿ ಬಂದಿದ್ದೇನೆ, ಮುಂದಿನ ಸಲ ವಾದ್ಯದ ಮಕ್ಕಳ ಹೆಸರನ್ನೂ ಮೈಕಿನಲ್ಲಿ ಕೂಗಿಸಿ ಅಂತ. ಆಗಲಿ ಅಂದಿದ್ದಾರೆ.

ಅಂದಹಾಗೆ, ಡಗ್ಗಾದ ಚರ್ಮ ಅಂಚಿನಲ್ಲಿ ಬಿರುಕು ಬಿಟ್ಟಿದೆ. ರಾಯಚೂರಿನಲ್ಲೇ ಚೆನ್ನಾಗಿ ಹೊಸದು ಹಾಕಿಕೊಡುವವರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.