ಜನ ಬರ್ತಿಲ್ಲ ಅಂತೀರಲ್ಲ, ಕರೆದಿದ್ದೀರಾ?

ಮಂಗಳವಾರ ಅರ್ಧ ದಿನ ರಜೆ ಹಾಕಿ, ಬೆಂಗಳೂರಿನ ಲೀಗಿನಲ್ಲಿ ಆಡೋ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚಿಗೆ ಹೋಗಿದ್ದೆ. ಯಾವ ಕ್ಲಬ್ಬು ಅಂತ ಇಲ್ಲಿರೋ ಹಳಬರಿಗೆಲ್ಲ ಗೊತ್ತು. ಹೆಸರು ಬರೆಯೋದಿಲ್ಲ, ಬರೆದರೆ ಅದರ ಬಿಸಿ ತಟ್ಟೋದು ಆಡೋ ಹುಡುಗರಿಗೆ. ಎರಡು ದಿನ ಆಯ್ತು, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ಫಸ್ಟ್ ಹಾಫಿನಲ್ಲಿ ಒಬ್ಬ ಹುಡುಗನಿಗೆ ಪೆಟ್ಟಾಗಿ ಆಟ ನಿಂತಾಗ ಗ್ಯಾಲರಿಯಲ್ಲಿ ತಲೆ ಎಣಿಸಿದೆ. 43. ಅದರಲ್ಲಿ ಮುಂದಿನ ಮ್ಯಾಚ್ ಆಡೋಕೆ ಬ್ಯಾಗ್ ಹಿಡಿದು ಬಂದು ಕೂತಿದ್ದ ಹುಡುಗರೇ ಮುಕ್ಕಾಲು ಪಾಲು. ಒಂದಿಬ್ಬರು ಆಟಗಾರರ ಅಪ್ಪ ಅಮ್ಮ. ಬರೀ ಆಟ ನೋಡೋಕೆ ಅಂತ ಬಂದವರು, ನನ್ನನ್ನೂ ಸೇರಿಸಿ, 7 ಜನ. ಮೈದಾನದಲ್ಲಿ 22 ಜನ ಆಡ್ತಿದ್ದಾರೆ, ನೋಡೋಕೆ 7 ಜನ.

ಖಾಲಿ ಗ್ಯಾಲರಿಯಲ್ಲಿ ಕೂತು ಫುಟ್‌ಬಾಲ್ ನೋಡಿದ್ದೀರಾ? ಎಲ್ಲ ಕೇಳಿಸುತ್ತೆ. ಗೋಲ್‌ಕೀಪರ್ ತನ್ನ ಬ್ಯಾಕಿಗೆ 'ಲೆಫ್ಟ್ ಮಚ್ಚಾ, ಲೆಫ್ಟ್' ಅಂತ ಕೂಗೋದು, ಚೆಂಡು ಎದೆಗೆ ಬಡಿದ ಸದ್ದು, ಓಡಿ ಬಂದು ನಿಂತವನ ಏದುಸಿರು. ಚಿಕ್ಕಂದಿನಲ್ಲಿ ಇದ್ಯಾವುದೂ ನನಗೆ ಕೇಳಿಸಿರಲೇ ಇಲ್ಲ. ಅಷ್ಟು ಗಲಾಟೆ ಇರ್ತಿತ್ತು.

ಸೆಕೆಂಡ್ ಹಾಫಿನಲ್ಲಿ ನಮ್ಮ ಲೆಫ್ಟ್ ವಿಂಗ್ ಹುಡುಗ ಗೋಲು ಹೊಡೆದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿರಬಹುದು. ಲೈನಿನಿಂದ ಒಳಗೆ ಬಂದು, ಇಬ್ಬರನ್ನು ದಾಟಿಸಿ, ಬಾಕ್ಸಿನ ಹೊರಗಿಂದಲೇ ಬಲಗಾಲಲ್ಲಿ ಒದ್ದ. ಕ್ರಾಸ್‌ಬಾರಿನ ಕೆಳಗೆ ತಗುಲಿ ಒಳಗೆ ಹೋಯ್ತು. ಎಂಥಾ ಗೋಲು! ಟೀವಿಯಲ್ಲಿ ಬಂದಿದ್ದರೆ ಹತ್ತು ಸಲ ತಿರುಗಿಸಿ ತೋರಿಸ್ತಿದ್ದರು. ಹುಡುಗ ಎರಡೂ ಕೈ ಅಗಲಿಸಿ ಕಾರ್ನರ್ ಬಾವುಟದ ಕಡೆ ಓಡಿ ಬಂದ. ಗೋಲು ಹೊಡೆದವರು ಜನ ಇರೋ ಕಡೆಗೇ ಓಡೋದು, ಅದು ಕಾಲಿಗೆ ಅಭ್ಯಾಸ ಆಗಿರುತ್ತೆ. ಅವನ ಎದುರಿಗೆ ಇದ್ದದ್ದು ಬಿಸಿಲಿಗೆ ಕಾದ ಸಿಮೆಂಟ್ ಮೆಟ್ಟಿಲು. ಮೇಲೆ ನೋಡಿದ. ಅಗಲಿಸಿದ ಕೈ ಹಾಗೇ ನಿಧಾನಕ್ಕೆ ಕೆಳಗಿಳಿಯಿತು. ತಿರುಗಿ ತನ್ನ ಟೀಮಿನವರ ಹತ್ತಿರ ನಡೆದುಕೊಂಡು ಹೋದ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ನನ್ನ ಚಪ್ಪಾಳೆ ಎದುರು ಗೋಡೆಗೆ ಬಡಿದು ನನಗೇ ವಾಪಸ್ ಕೇಳಿಸಿತು.

ಆ ಇಳಿದ ಕೈ ಕಣ್ಣಿಂದ ಹೋಗ್ತಾ ಇಲ್ಲ.

ಇಷ್ಟೇ ಆಗಿದ್ದರೆ ಬೇಜಾರು ಮಾಡಿಕೊಂಡು ಸುಮ್ಮನಿರ್ತಿದ್ದೆ. ಮ್ಯಾಚ್ ಮುಗಿದ ಮೇಲೆ ಗೇಟಿನ ಹತ್ತಿರ ಕ್ಲಬ್ಬಿನ ಪದಾಧಿಕಾರಿಯೊಬ್ಬರು ಸಿಕ್ಕಿದರು. ವಯಸ್ಸಿನಲ್ಲಿ ಹಿರಿಯರು, ನಮ್ಮಪ್ಪನನ್ನೂ ಬಲ್ಲವರು. ಅವರು ಅಂದದ್ದು: "ನೋಡಪ್ಪಾ, ನಮ್ಮ ಜನಕ್ಕೆ ನಿಷ್ಠೆ ಅನ್ನೋದೇ ಇಲ್ಲ. ರಾತ್ರಿ ಒಂದೂವರೆಗೆ ಎದ್ದು ಯುರೋಪಿನ ಮ್ಯಾಚ್ ನೋಡ್ತಾರೆ, ಇಲ್ಲಿ ಪುಕ್ಕಟೆ ಬಿಟ್ಟರೂ ಬರಲ್ಲ." ದೊಡ್ಡವರು ಅಂತ ಎದುರು ಮಾತಾಡಲಿಲ್ಲ. 'ಹೌದು ಸಾರ್' ಅಂದುಬಿಟ್ಟೆ. ಹಾಗೆ ಅಂದದ್ದಕ್ಕೆ ಈಗ ನನ್ನ ಮೇಲೇ ಕೋಪ ಬರ್ತಿದೆ.

ನಿಷ್ಠೆ ಇಲ್ವಂತೆ. ಸಾರ್, ಮ್ಯಾಚ್ ಇದೆ ಅಂತ ನನಗೆ ಗೊತ್ತಾದದ್ದು ಹೇಗೆ ಗೊತ್ತಾ? ಅದೇ ದಿನ ಬೆಳಿಗ್ಗೆ, ಗೆಳೆಯನ ಮಗನ ವಾಟ್ಸಾಪ್ ಸ್ಟೇಟಸ್ ನೋಡಿ. ಬುಧವಾರ ಇದ್ದ ಮ್ಯಾಚು ಮಂಗಳವಾರಕ್ಕೆ ಬಂದಿತ್ತು. ಕ್ಲಬ್ಬಿನ ಪೇಜಿನಲ್ಲಿ ಕಡೆಯ ಪೋಸ್ಟು ಹೋದ ವರ್ಷದ ಗಣರಾಜ್ಯೋತ್ಸವದ ಶುಭಾಶಯ. ಗೇಟಿನ ಹೊರಗೆ ಇವತ್ತು ಯಾರಿಗೂ ಯಾರಿಗೂ ಆಟ ಅಂತ ಒಂದು ಬೋರ್ಡಿಲ್ಲ. ಅದೇ ಗೇಟಿನ ಮುಂದೆ ಶಾಲೆ ಬಿಟ್ಟ ಮಕ್ಕಳು ಗುಂಪುಗುಂಪಾಗಿ ಹೋಗ್ತಿದ್ದರು, ಅವರಲ್ಲಿ ಇಬ್ಬರ ಮೈಮೇಲೆ ಮೆಸ್ಸಿ ಹೆಸರಿನ ಜೆರ್ಸಿ. ಒಳಗೆ ಫುಟ್‌ಬಾಲ್ ನಡೀತಿದೆ ಅನ್ನೋದು ಆ ಮಕ್ಕಳಿಗೆ ಗೊತ್ತೇ ಇಲ್ಲ. ಕರೆದು 'ಬನ್ರೋ ಒಳಗೆ' ಅನ್ನೋಕೆ ಗೇಟಿನಲ್ಲಿ ಒಬ್ಬರಿಲ್ಲ. ಕರೆಯದೇ ಇದ್ದವರು ಬರಲಿಲ್ಲ ಅಂತ ಬೈಯೋದು ಯಾವ ನ್ಯಾಯ?

ಬೆಂಗಳೂರಿಗೆ ಫುಟ್‌ಬಾಲ್ ಗೊತ್ತಿಲ್ಲ ಅನ್ನೋ ಮಾತನ್ನಂತೂ ನನ್ನ ಮುಂದೆ ಯಾರೂ ಆಡಬೇಡಿ. ಬ್ರಿಟಿಷರ ರೆಜಿಮೆಂಟುಗಳೇ ಗೆಲ್ತಿದ್ದ ರೋವರ್ಸ್ ಕಪ್ ಅನ್ನೋ ಟೂರ್ನಿಯನ್ನು ಮೊದಲು ಗೆದ್ದ ಭಾರತದ ನಾಗರಿಕ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದರು, 1938ರಲ್ಲಿ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಮೇಲೆ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. 56, 60ರ ಒಲಿಂಪಿಕ್ಸ್ ತಂಡಗಳಲ್ಲಿದ್ದ ಕೆಂಪಯ್ಯ ನಮ್ಮವರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿರೋ ಜನ ನಮ್ಮವರು. ಇಷ್ಟೆಲ್ಲ ಇರೋ ಊರಿಗೆ ನಿಷ್ಠೆಯ ಪಾಠ ಹೇಳ್ತಾರೆ.

ನಮ್ಮಪ್ಪನ ವಿಷಯ ಹೇಳಬೇಕು. ಅವರು ಒಂದು ಫ್ಯಾಕ್ಟರಿಯ ಟೂಲ್ ರೂಮಿನಲ್ಲಿದ್ದರು. ಆಗ ಐಟಿಐ, ಎಚ್‌ಎಎಲ್, ಎನ್‌ಜಿಇಎಫ್, ಬಿಇಎಂಎಲ್, ಊರಿನ ಈ ಸರ್ಕಾರಿ ಕಾರ್ಖಾನೆಗಳೆಲ್ಲಕ್ಕೂ ಟೀಮುಗಳಿದ್ದವು. ಆಟ ನೋಡಿ ಹುಡುಗರಿಗೆ ಕೆಲಸ ಕೊಡ್ತಿದ್ದರು. ಬೆಳಿಗ್ಗೆ ಪಕ್ಕದ ಮೆಷಿನ್ನಿನಲ್ಲಿ ನಿಂತಿದ್ದವನೇ ಸಾಯಂಕಾಲ ಗೋಲಿನ ಮುಂದೆ ನಿಂತು ತಡೆಯೋ ಸ್ಟಾಪರ್ ಬ್ಯಾಕ್ ಆಗಿ ಆಡ್ತಿದ್ದ. ಕ್ಯಾಂಟೀನಿನಲ್ಲಿ 'ನಾಳೆ ಬರ್ತೀರಲ್ಲ ಅಣ್ಣಾ' ಅಂತ ಅವನೇ ಬಂದು ಕೇಳ್ತಿದ್ದ. ಶಿಫ್ಟ್ ಮುಗಿಸಿ ಯೂನಿಫಾರಮ್ಮಿನಲ್ಲೇ ಸ್ಟೇಡಿಯಮ್ಮಿಗೆ ಬರ್ತಿದ್ದರು ಜನ. ಅಪ್ಪ ಕೂಗ್ತಿದ್ದದ್ದು ಕ್ಲಬ್ಬಿನ ಹೆಸರನ್ನಲ್ಲ, ಆ ಹುಡುಗನ ಹೆಸರನ್ನ. ಅವನು ಕಾಲು ಮುರ್ಕೊಂಡು ಆಸ್ಪತ್ರೆ ಸೇರಿದಾಗ ಅಮ್ಮ ಮನೆಯಿಂದ ಗಂಜಿ ಮಾಡಿ ಕಳಿಸಿದ್ದರು. ಇದನ್ನೇ ನಿಷ್ಠೆ ಅಂತೀರಾದರೆ, ಅದಕ್ಕೆ ಎರಡು ಕಡೆ ಇತ್ತು. ಅವನು ಕರೀತಿದ್ದ, ಇವರು ಹೋಗ್ತಿದ್ದರು.

ಆಮೇಲೆ ಆ ಕೆಲಸಗಳು ಹೋದವು. ಎನ್‌ಜಿಇಎಫ್ 2002ರಲ್ಲಿ ಬಾಗಿಲೇ ಹಾಕಿತು. ಎಚ್‌ಎಎಲ್ ತಂಡ 2010ರಲ್ಲಿ ಆಗ ದೇಶದ ಅತಿ ದೊಡ್ಡ ಲೀಗಾಗಿದ್ದ ಐ-ಲೀಗಿಗೆ ಏರಿತು, 2012ರಲ್ಲಿ ಇಳಿಯಿತು. ಮೈದಾನದಲ್ಲಿ ಆಡೋ ಹುಡುಗನಿಗೂ ಗ್ಯಾಲರಿಯಲ್ಲಿ ಕೂತವನಿಗೂ ಇದ್ದ ನಂಟು ಹಾಗೆ ಬಿಟ್ಟುಹೋಯ್ತು. ಅದು ಕ್ಲಬ್ಬುಗಳ ತಪ್ಪಲ್ಲ, ಒಪ್ತೀನಿ. ಹಳೇ ನಂಟು ಬಿಟ್ಟುಹೋದ ಮೇಲೆ ಹೊಸದೊಂದು ಕಟ್ಟೋಕೆ ಯಾರೂ ಕೈ ಹಾಕಲಿಲ್ಲವಲ್ಲ, ಅದು ತಪ್ಪು.

ಈಗ ಕಾಮೆಂಟಿನಲ್ಲಿ ಬರೋದು ಏನೇನು ಅಂತ ನನಗೆ ಗೊತ್ತು. ಟೀವಿ ಬಂತು, ಮೊಬೈಲು ಬಂತು, ಟ್ರಾಫಿಕ್ಕು, ಮನೆಯಲ್ಲೇ ಕೂತು ದೊಡ್ಡ ಆಟ ನೋಡಬಹುದಾದರೆ ಯಾರು ಬರ್ತಾರೆ ಅಂತೀರಿ. ಟೀವಿ ಇಂಗ್ಲೆಂಡಿನಲ್ಲೂ ಇದೆಯಲ್ಲ? ಅಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಟೀವಿಯಲ್ಲಿ ಫುಟ್‌ಬಾಲ್ ನೇರ ಪ್ರಸಾರ ಮಾಡೋ ಹಾಗಿಲ್ಲ. ಕೆಳಗಿನ ಡಿವಿಷನ್ ಕ್ಲಬ್ಬುಗಳ ಮ್ಯಾಚಿಗೆ ಬರೋ ಜನ ಕಡಿಮೆ ಆಗಬಾರದು ಅಂತ ಎಷ್ಟೋ ದಶಕಗಳ ಹಿಂದೆ ಮಾಡಿದ ನಿಯಮ. ಜನಕ್ಕೆ ಬಿಡುವಿರೋ ಹೊತ್ತನ್ನು ಸಣ್ಣ ಕ್ಲಬ್ಬುಗಳಿಗೆ ಅಂತ ಕಾಯ್ದಿಟ್ಟಿದ್ದಾರೆ. ನಮ್ಮ ಮ್ಯಾಚು ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಆ ಹೊತ್ತಿನಲ್ಲಿ ಯಾರು ಬರಬೇಕು ಹೇಳಿ? ಕೆಲಸಕ್ಕೆ ಹೋಗೋರಾ, ಕಾಲೇಜಿನ ಮಕ್ಕಳಾ?

ಇನ್ನೊಂದು ಮಾತು, ಗೆದ್ದರೆ ಜನ ತಾವಾಗೇ ಬರ್ತಾರೆ ಅನ್ನೋದು. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್ಬು ಎರಡು ವರ್ಷದಲ್ಲಿ ಎರಡು ಡಿವಿಷನ್ ಕೆಳಗೆ ಬಿತ್ತು. ಮೊದಲ ದರ್ಜೆಯ ಪ್ರೀಮಿಯರ್ ಲೀಗಿನಿಂದ ಮೂರನೇ ದರ್ಜೆಗೆ. ಆ ಮೂರನೇ ದರ್ಜೆಯಲ್ಲೇ, 2018ರ ಡಿಸೆಂಬರ್ 26ಕ್ಕೆ ಬ್ರಾಡ್‌ಫರ್ಡ್ ಮೇಲಿನ ಮ್ಯಾಚಿಗೆ ಬಂದವರು 46,039 ಜನ. ಸೋತು ಸುಣ್ಣವಾದ ಕ್ಲಬ್ಬಿಗೆ. ವಿಂಬಲ್ಡನ್ ಅನ್ನೋ ಫುಟ್‌ಬಾಲ್ ಕ್ಲಬ್ಬನ್ನು ಮಾಲೀಕರು ಬೇರೆ ಊರಿಗೆ ಎತ್ತಿಕೊಂಡು ಹೋಗೋದು ಅಂತ 2002ರಲ್ಲಿ ತೀರ್ಮಾನವಾದಾಗ ಅಭಿಮಾನಿಗಳು ಅದೇ ಬೇಸಿಗೆಯಲ್ಲಿ ತಮ್ಮದೇ ಕ್ಲಬ್ ಕಟ್ಟಿದರು. ತಳದ ಲೀಗುಗಳಿಂದ ಮೇಲೇರುತ್ತಾ ಬಂದು 2011ರಲ್ಲಿ ಅಲ್ಲಿನ ವೃತ್ತಿಪರ ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಸೇರಿದರು. ಆ ಜನಕ್ಕೆ ಗೆಲುವಿನ ಹಂಗಿರಲಿಲ್ಲ, ಕ್ಲಬ್ಬು ತಮ್ಮದು ಅನ್ನೋದೊಂದೇ ಇತ್ತು.

ಅದು ಇಂಗ್ಲೆಂಡು, ಅವರ ಲೆಕ್ಕ ಬೇರೆ ಅಂತೀರಾ? ಸರಿ, ನಮ್ಮ ದೇಶದ್ದೇ ಹೇಳ್ತೀನಿ. 2018ರ ಜೂನ್ 1, ಮುಂಬೈ. ಭಾರತ ಚೈನೀಸ್ ತೈಪೆಯನ್ನ (ತೈವಾನ್) 5-0ಗೆ ಹೊಡೆಯಿತು, ಕ್ಯಾಪ್ಟನ್ ಸುನಿಲ್ ಛೆಟ್ರಿ ಹ್ಯಾಟ್ರಿಕ್. ನೋಡೋಕೆ ಬಂದವರು 2,569 ಜನ. ದೇಶದ ತಂಡಕ್ಕೆ! ಮಾರನೇ ದಿನ ಛೆಟ್ರಿ ಒಂದು ವಿಡಿಯೋ ಹಾಕಿದರು. ಬೈಯೋಕಾದರೂ ಸರಿ, ಟೀಕೆ ಮಾಡೋಕಾದರೂ ಸರಿ, ಸ್ಟೇಡಿಯಮ್ಮಿಗೆ ಬನ್ನಿ ಅಂತ ಕೈಮುಗಿದು ಕೇಳಿಕೊಂಡರು. ಜೂನ್ 4ಕ್ಕೆ ಕೀನ್ಯಾ ಮೇಲೆ ಅವರ ನೂರನೇ ಮ್ಯಾಚು. ಟಿಕೆಟ್ಟೆಲ್ಲ ಖಾಲಿ, ಸ್ಟೇಡಿಯಂ ತುಂಬಿತ್ತು. ಅದೇ ಊರು, ಅದೇ ಸ್ಟೇಡಿಯಂ, ಅದೇ ಟೀವಿ, ಅದೇ ಟ್ರಾಫಿಕ್ಕು. ನಡುವೆ ಮೂರೇ ದಿನ. ಕ್ಯಾಪ್ಟನ್ ಕರೆದರು, ಜನ ಬಂದರು.

ಬೆಂಗಳೂರಲ್ಲೇ ನೋಡಿ. 2013ರಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಮ್ಯಾಚನ್ನ ಮೋಹನ್ ಬಗಾನ್ ಮೇಲೆ ಆಡಿದ್ದು ನಮ್ಮ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲೇ. 1-1 ಡ್ರಾ. ಅಲ್ಲಿನ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡಿದ ಹುಡುಗರೇ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗ ಆದರು. ಫುಟ್‌ಬಾಲ್ ನೋಡೋರಿಲ್ಲ ಅಂತಿದ್ದ ಊರಲ್ಲೇ ಅವರು ಹುಟ್ಟಿಕೊಂಡದ್ದು. ಆ ಕ್ಲಬ್ಬಿನ ಬೆನ್ನಿಗೆ ದೊಡ್ಡ ಕಂಪನಿ ಇತ್ತು, ದುಡ್ಡಿತ್ತು ಅಂತ ನೀವು ಹೇಳಬಹುದು. ಇತ್ತು. ಗೇಟಿನ ಹೊರಗೆ ಕರಿಹಲಗೆ ಇಟ್ಟು ಸೀಮೆಸುಣ್ಣದಲ್ಲಿ 'ಇಂದು ಸಂಜೆ ಫುಟ್‌ಬಾಲ್, ಎಲ್ಲರೂ ಬನ್ನಿ' ಅಂತ ಬರೆಯೋಕೆ ಯಾವ ಕಂಪನಿಯ ದುಡ್ಡು ಬೇಕು? ಪಕ್ಕದ ಸರ್ಕಾರಿ ಶಾಲೆಗೆ ಹೋಗಿ ಪಿಟಿ ಮೇಷ್ಟ್ರಿಗೆ ಒಂದು ಮಾತು ಹೇಳಿದರೆ ಐವತ್ತು ಮಕ್ಕಳು ಬರ್ತಾರೆ. ಆ ಐವತ್ತರಲ್ಲಿ ಐದು ಮಕ್ಕಳು ಮುಂದಿನ ವಾರ ಅಪ್ಪನನ್ನ ಎಳ್ಕೊಂಡು ಬರ್ತವೆ. ನಾನು ಅಪ್ಪನ ಕೈ ಹಿಡಿದು ಹೋದೆ, ಈಗಿನ ಅಪ್ಪಂದಿರು ಮಕ್ಕಳ ಕೈ ಹಿಡಿದು ಬರಲಿ.

ಇನ್ನು ಒಂದು ವಿಷಯ ಇಲ್ಲಿ ಯಾವತ್ತೂ ಬರೆದಿಲ್ಲ. ನಾನೂ ಏಳು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ, ಅವರು ಕೂರ್ತಿದ್ದ ಜಾಗದಲ್ಲಿ ಒಂದು ಸಲ ಕೂತು ಬರೋಣ ಅಂತ ಒಂದು ಭಾನುವಾರ ಹೋದೆ. ಗೇಟಿಗೆ ಬೀಗ. ಮ್ಯಾಚು ಹಿಂದಿನ ದಿನವೇ ಆಗಿಹೋಗಿತ್ತು. ತಿಂಗಳು ಬಿಟ್ಟು ಇನ್ನೊಂದು ಸಲ ಹೋದೆ. ಬೇರೆ ಮೈದಾನಕ್ಕೆ ಹಾಕಿದ್ದಾರೆ ಅಂತ ವಾಚ್‌ಮನ್ ಹೇಳಿದರು, ಯಾವ ಮೈದಾನ ಅಂತ ಅವರಿಗೂ ಗೊತ್ತಿರಲಿಲ್ಲ. ಮೂರನೇ ಸಲ ಹೋಗಲಿಲ್ಲ. ನಾನು ಯಾಕೆ ಬರ್ತಿಲ್ಲ ಅಂತ ಯಾರೂ ಕೇಳಲೂ ಇಲ್ಲ. ನಮ್ಮಪ್ಪ ಇಪ್ಪತ್ತೈದು ವರ್ಷ ಕೂತಿದ್ದ ಗ್ಯಾಲರಿ ಅದು. ಈ ನಡುವೆ ಮಗಳ ಹಟಕ್ಕೆ ಇಂಗ್ಲೆಂಡಿನ ಒಂದು ಕ್ಲಬ್ಬಿನ ಜೆರ್ಸಿ ತರಿಸಿದೆ. ಆಗ ಕೊಟ್ಟ ಇಮೇಲಿಗೆ ಆ ಕ್ಲಬ್ಬು ಪ್ರತಿ ವರ್ಷ ಅವಳ ಹುಟ್ಟುಹಬ್ಬಕ್ಕೆ ಹೆಸರು ಹಾಕಿ ಶುಭಾಶಯ ಕಳಿಸುತ್ತೆ. ನನ್ನ ಸ್ವಂತ ಕ್ಲಬ್ಬಿನ ಹತ್ತಿರ ನನ್ನ ಫೋನ್ ನಂಬರೂ ಇಲ್ಲ. ಮಗಳು ಯಾವ ಕ್ಲಬ್ಬನ್ನ ತನ್ನದು ಅಂತಾಳೆ ಅಂತ ನಾನು ಬೇರೆ ಹೇಳಬೇಕಾ? ಅವಳಿಗೆ ನಿಷ್ಠೆ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಆ ಕ್ಲಬ್ಬು ಸೋತ ರಾತ್ರಿ ಊಟ ಬಿಟ್ಟು ಮಲಗೋ ಹುಡುಗಿ ಅದು.

2023ರ ಮಾರ್ಚಿನಲ್ಲಿ ಕರ್ನಾಟಕ, ರಾಜ್ಯ ತಂಡಗಳು ಆಡೋ ಸಂತೋಷ್ ಟ್ರೋಫಿ ಗೆದ್ದಿತು, ನೆನಪಿದೆಯಾ? ಸೌದಿಯ ರಿಯಾದಿನಲ್ಲಿ ಮೇಘಾಲಯದ ಮೇಲೆ 3-2. ಮೈಸೂರು ಅನ್ನೋ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಆಗಿತ್ತು. ನನ್ನ ಟೈಮ್‌ಲೈನ್ ತುಂಬ ಅಭಿನಂದನೆ, ನಾನೂ ಹಾಕಿದ್ದೆ. ಆ ತಂಡದ ಎಷ್ಟೋ ಹುಡುಗರು ನಮ್ಮ ಇದೇ ಲೀಗ್ ಆಡಿ ಹೋದವರು. ಅವರು ಇಲ್ಲಿ ಆಡುವಾಗ ಒಂದು ಮ್ಯಾಚಿಗೂ ನಾನು ಹೋಗಿರಲಿಲ್ಲ. ಅದು ಈಗಲೂ ಚುಚ್ಚುತ್ತೆ.

ಮಂಗಳವಾರ ಹೊರಡೋ ಮುಂಚೆ ಆ ಲೆಫ್ಟ್ ವಿಂಗ್ ಹುಡುಗನನ್ನ ಹುಡುಕಿಕೊಂಡು ಹೋದೆ. ಗೋಡೆಗೆ ಒರಗಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಕಾಲುಚೀಲದ ತುಂಬ ಟರ್ಫಿನ ಕಪ್ಪು ರಬ್ಬರ್ ಪುಡಿ. ತುಂಬ ಚೆನ್ನಾಗಿತ್ತಪ್ಪಾ ಗೋಲು ಅಂದೆ. ಎದ್ದು ನಿಂತುಬಿಟ್ಟ, ಒಂದೇ ಕಾಲಲ್ಲಿ ಬೂಟು.

"ಚಪ್ಪಾಳೆ ಹೊಡೆದದ್ದು ನೀವೇನಾ ಅಣ್ಣಾ? ಕೇಳಿಸ್ತು."

ಹೌದು ಅಂದೆ. ಮುಂದಿನ ಮ್ಯಾಚಿಗೂ ಬರ್ತೀರಾ ಅಂತ ಕೇಳಿದ. ಬರ್ತೀನಿ, ಮಗಳನ್ನೂ ಕರ್ಕೊಂಡು ಬರ್ತೀನಿ, ಯಾವತ್ತು ಹೇಳು ಅಂದೆ.

"ಅದು ನಮಗೂ ಇನ್ನೂ ಹೇಳಿಲ್ಲ ಅಣ್ಣಾ."

ನನ್ನ ನಂಬರ್ ಅವನ ಫೋನಿನಲ್ಲಿ ಹಾಕಿಸಿ ಬಂದಿದ್ದೀನಿ. ಅವನು ಫೋನ್ ಮಾಡಿದ ದಿನ ಇಲ್ಲೇ ಹಾಕ್ತೀನಿ, ಯಾವ ಮೈದಾನ, ಎಷ್ಟು ಗಂಟೆ ಅಂತ.