ಕೇಳಾಕ ಹೋದವನ ಕೈಯಾಗ ಹತೋಡಿ

ದೊಡ್ಡ ಸಂಗೀತ ಕಛೇರಿಗೆ ಹೋಗೋರಿಗೆ ಏನ್ರೀ ತ್ರಾಸು, ಟಿಕೆಟ್ ತಗೋತಾರ, ನಂಬರ್ ನೋಡಿ ಕುರ್ಚಿ ಹಿಡೀತಾರ, ಎಸಿ ಒಳಗ ಎರಡು ತಾಸು ಕುಂತು ಕೇಳ್ತಾರ, ಚಪ್ಪಾಳಿ ಹೊಡ್ದು ಮನಿಗೆ ಬರ್ತಾರ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಗುಡಿ ಪಡಸಾಲ್ಯಾಗೋ, ಮಠದ ಮ್ಯಾಲಿನ ಹಾಲಿನ್ಯಾಗೋ, ಯಾರದೋ ಮನಿ ಮಾಳಗಿ ಮ್ಯಾಲೋ ನಡಿಯೋ ಸಣ್ಣ ಬೈಠಕ್ಕಿಗೆ ಹೋಗೋರ ಹಣೆಬರಾನ ಬ್ಯಾರೆ. ಅಲ್ಲಿ ಬರೇ ಕೇಳೋರಾಗಿ ಕುಂದ್ರಾಕ ಯಾರೂ ಬಿಡಾಂಗಿಲ್ಲ. ಬಾಗಲದಾಗ ಚಪ್ಪಲಿ ಬಿಟ್ಟು ಒಳಗ ಕಾಲಿಡೋದ್ರಾಗ "ಬರ್ರಿ ಬರ್ರಿ ಸರ, ಚಲೋ ಆತು ಬಂದ್ರಿ, ಆ ಜಮಖಾನಿ ತುದಿ ಒಂಚೂರು ಹಿಡೀರಿ" ಅಂತಾರ. ಹಿಡಿದ್ರಿ ಅಂದ್ರ ಮುಗೀತು, ಅವತ್ತಿಂದ ನೀವು ಕಮಿಟಿ ಮಂದಿ.

ಈ ಹುಚ್ಚು ನಮ್ಮ ಸೀಮ್ಯಾಗ ಹಿಂಗ್ಯಾಕ ಹರಡೇತಿ ಅಂದ್ರ ಗದಗ ನಮಗ ರೈಲಿನ್ಯಾಗ ಒಂದು ನಿದ್ದಿಯಷ್ಟು ದೂರ. ಅಲ್ಲಿ ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಅವ್ರ ಹಿಂದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ರು. ಅದಕ್ಕ ಈ ಕಡೆ ಯಾವ ಊರಿಗೆ ಹೋದ್ರೂ "ನಾವು ಆಶ್ರಮದಾಗ ಕಲ್ತವ್ರು ರೀ" ಅನ್ನೋ ಒಬ್ಬ ಹಾರ್ಮೋನಿಯಂ ಮಾಸ್ತರು ಸಿಕ್ಕ ಸಿಗ್ತಾರ. ಪುಟ್ಟರಾಜರು ಲಿಂಗೈಕ್ಯರಾಗಿದ್ದು 2010ರ ಸೆಪ್ಟೆಂಬರಿನ್ಯಾಗ, ಅವ್ರ ಪುಣ್ಯಸ್ಮರಣಿ ನೆಪದಾಗ ಒಂದಿಷ್ಟು ಕಾರ್ಯಕ್ರಮ, ಶ್ರಾವಣದಾಗ ಮಠದ ಪುರಾಣದ ಜೋಡಿ ಒಂದಿಷ್ಟು, ದಾಸರ ಆರಾಧನಿ ಅಂತ ಒಂದಿಷ್ಟು, ಒಟ್ಟು ಕಿವಿಗೆ ಬರ ಇಲ್ಲ. ಮಂದೀದಷ್ಟ ಬರ. ಗವಿಮಠದ ಜಾತ್ರಿಗೆ ಲಕ್ಷಗಟ್ಲೆ ಮಂದಿ ಕೂಡೋ ಇದ ಊರಾಗ ಬೈಠಕ್ ಅಂದ್ರ ಎಲ್ಲಿ ಹೊಕ್ಕಾರೋ ಗೊತ್ತಿಲ್ಲ, ಮೈಕ್‌ಸೆಟ್ ಹುಡುಗನ್ನ ಹಿಡಿದು ಎಣಿಸಿದ್ರೂ ಒಂದ ಜಮಖಾನಿ ತುಂಬಾಂಗಿಲ್ಲ.

ಪತ್ರಿಕ್ಯಾಗ "ಸಂಜೆ 6 ಗಂಟೆಗೆ ಸರಿಯಾಗಿ" ಅಂತ ಇರತೈತಿ. ಆ "ಸರಿಯಾಗಿ" ಯಾಕ ಹಾಕ್ತಾರೋ ಆ ದೇವ್ರಿಗೇ ಗೊತ್ತು. ಆರಕ್ಕ ಬರೋದು ನಾನು ಮತ್ತ ಹೂವಿನ ಮಾಲಿ. ಹಾಡೋರು ಮಾತ್ರ ಪಾಪ ಅದನ್ನ ನಂಬಿರ್ತಾರ. ಒಂದ್ಸಲ ದೂರದೂರಿಂದ ಒಬ್ಬ ಗಾಯಕರು ಬಂದಿದ್ರು, ಹೊತ್ತು ಮುಳುಗೋ ಟೈಮಿನ ರಾಗ ಅಂತ ಮಾರವಾ ಹಾಡಾಕ ತಯಾರಾಗಿ ಗ್ರೀನ್ ರೂಮಿನ್ಯಾಗ, ಅಂದ್ರ ಮಠದ ಅಡಿಗಿ ಮನಿ ಬಾಜೂಕ ಜ್ವಾಳದ ಚೀಲದ ಮ್ಯಾಲ, ಗುಂಯ್ ಅನ್ಕೋಂತ ಕುಂತಿದ್ರು. ಮುಖ್ಯ ಅತಿಥಿ "ಹತ್ತಿರ ಬಂದೀನಿ" ಅಂದವ್ರು ಬರೋದ್ರಾಗ ಎಂಟಾತು. ಆಮ್ಯಾಲ ಪ್ರಾರ್ಥನಿ, ಸ್ವಾಗತ, ಪ್ರಾಸ್ತಾವಿಕ, ದೀಪ ಹಚ್ಚೋದು, ಫ್ಯಾನಿನ ಗಾಳಿಗೆ ಅದು ಆರೋದು, ಫ್ಯಾನ್ ಬಂದ್ ಮಾಡಿ ಮತ್ತ ಹಚ್ಚೋದು, ಫೋಟೋ ಬಂದಿಲ್ಲ ಅಂತ ಹಚ್ಚಿದ್ದನ್ನ ಹಚ್ಚಿದಂಗ ಮಾಡೋದು, ಅಧ್ಯಕ್ಷೀಯ ಭಾಷಣ. ಅಧ್ಯಕ್ಷರು "ಸಂಗೀತದ ನಡುವ ನಾನು ಹೆಚ್ಚು ಮಾತಾಡಾಂಗಿಲ್ಲ" ಅಂತ ಚಾಲೂ ಮಾಡಿದ್ರು ನೋಡ್ರಿ, ನನಗ ಆಗ ಎದಿ ಝಲ್ ಅಂತು, ಯಾಕಂದ್ರ ಆ ಮಾತು ಹೇಳಿದವ್ರು ಯಾರೂ ಇವತ್ತಿನ ತನಕ ಅರ್ಧ ತಾಸಿಗಿಂತ ಮೊದ್ಲ ಕುಂತಿಲ್ಲ. ಮಾರವಾ ಹೋತು, ಅದರ ಬೆನ್ನಿಗೆ ಇಟ್ಕೊಂಡಿದ್ದ ಮುಂಗತ್ತಲಿನ ರಾಗ ಯಮನ್ನೂ ಹೋತು. ವೇದಿಕಿ ಖಾಲಿ ಆದಾಗ ಹತ್ತು ಹೊಡೀತು. ಗಾಯಕರು ತಂಬೂರಿ ಮುಟ್ಟಿ ನಮಸ್ಕಾರ ಮಾಡಿ, ಗಡಿಯಾರ ನೋಡಿ, ನಕ್ಕು, ತಡರಾತ್ರಿ ರಾಗ ಬಾಗೇಶ್ರೀ ಎತ್ಕೊಂಡ್ರು. ಛಲೋ ಹಾಡಿದ್ರು, ಖರೇ ಹೇಳ್ತೀನಿ. ಆದ್ರ ನಮ್ಮೂರಾಗ ಮಾರವಾ ಕೇಳ್ಬೇಕಂದ್ರ ಪತ್ರಿಕ್ಯಾಗ ಮಧ್ಯಾಹ್ನ ಎರಡಕ್ಕ ಅಂತ ಹಾಕ್ಬೇಕು.

ರಾಯಚೂರಿಂದು ಇನ್ನೊಂದು ನಮೂನಿ. ಅಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವ್ರ ಹೆಸರಿನ ರಂಗಮಂದಿರಾನ ಐತಿ, ಆದ್ರ ನಾ ಹೇಳೋದು ಅದ್ರಾಗಿಂದಲ್ಲ, ಗೆಳ್ಯಾರೊಬ್ಬರು ತಮ್ಮ ಮನಿ ಹಾಲಿನ್ಯಾಗ ಇಟ್ಟಿದ್ದ ಬೈಠಕ್. ರಾಯಚೂರಿನ ಬ್ಯಾಸಗಿ, ನಲವತ್ತು ಡಿಗ್ರಿ ಯಾವಾಗೋ ದಾಟೇತಿ, ರಾತ್ರಿ ಆದ್ರೂ ಗ್ವಾಡಿ ಮುಟ್ಟಿದ್ರ ಬಿಸಿ. ಮನಿಯವ್ರು ಪ್ರೀತಿಯಿಂದ ದೊಡ್ಡ ಕೂಲರ್ ತಂದು, ಹುಲ್ಲಿಗೆ ನೀರು ಹೊಡ್ದು, ಸೀದಾ ಕಲಾವಿದರ ಕಡೆ ಮುಖ ಮಾಡಿ ಇಟ್ಟಾರ. ತಬಲಾ ಅಂದ್ರ ಚರ್ಮ ಅಲ್ರೀ, ಒಣ ಸೆಕಿಗೆ ಬಿಗಿ ಆಗಿ ಮ್ಯಾಲ ಏರತೈತಿ, ಹಸಿ ಗಾಳಿಗೆ ಸಡ್ಲಾಗಿ ಕೆಳಗ ಇಳೀತೈತಿ. ತಬಲಾದವ್ರು ಹತೋಡಿ ತಗೊಂಡು ಗಜರಾಕ್ಕ, ಅಂದ್ರ ಬಾಯಂಚಿನ ಚರ್ಮದ ಹೆಣಿಕಿಗೆ, ಸುತ್ತೂ ಟಕ್ ಟಕ್ ಬಡಿದು ಗಾಯಕರ 'ಸಾ', ಅಂದ್ರ ಷಡ್ಜಕ್ಕ ಕೂಡ್ಸಿದ್ರು, ತಾಳದ ಒಂದು ಆವರ್ತನ ಮುಗಿಯೋದ್ರಾಗ ಕೂಲರ್ ಅದನ್ನ ಇಳಿಸ್ತು. ಮತ್ತ ಟಕ್ ಟಕ್. "ಕೂಲರ್ ಬಂದ್ ಮಾಡ್ರಿ" ಅಂದ್ರು. ಬಂದ್ ಮಾಡಿದ್ರ ಗಾಯಕರ ಬೆವರು ಹಣಿಯಿಂದ ಕಣ್ಣಾಗ ಇಳಿದು ಆಲಾಪದ ನಡುವ ಕಣ್ಣು ಕಿವುಚಾಕತ್ರು, ನಾವು ಭಾವಕ್ಕ ಕಣ್ಣೀರು ಬಂತು ಅಂತ ತಿಳ್ಕೊಂಡು "ಆಹಾ" ಅಂದ್ವಿ. ಹತ್ತು ನಿಮಿಷದಾಗ ಸೆಕಿಗೆ ತಬಲಾ ಮ್ಯಾಲೇರ್ತು. ಕಡೀಕ ಏನ್ಮಾಡಿದ್ರು ಅಂದ್ರ ಕೂಲರ್ ಸ್ವಿಚ್ ಹತ್ರ ನನ್ನ ಕುಂದ್ರಿಸಿದ್ರು. ಗಾಯಕರು ಎಡಗೈ ಎತ್ತಿದ್ರ ಚಾಲೂ, ತಬಲಾದವ್ರು ಹತೋಡಿ ತೋರ್ಸಿದ್ರ ಬಂದ್. ಗಾಯಕರದ್ದು ಹಾಡೋವಾಗ ಎಡಗೈ ಎತ್ತೋದು ಮೊದ್ಲಿಂದ ರೂಢಿ, ಅದು ನನಗ ಮಾಡಿದ ಸನ್ನಿಯೋ ಹಾಡಿನ ತಾನೋ ಅಂತ ತಿಳಿಯೋದ್ರಾಗ ನನ್ನ ಜೀವ ಹೋತು. ನಿಧಾನ ಲಯದ ವಿಲಂಬಿತ್ ಪೂರ್ತಿ ಸ್ವಿಚ್ಚ ಬಾರ್ಸೀನಿ. ಬಂದಿಶ್ ಯಾವ್ದಿತ್ತು ಅಂತ ಇವತ್ತು ಕೇಳಿದ್ರ ನಾ ಹೇಳಾಂಗಿಲ್ಲ.

ಹಾರ್ಮೋನಿಯಂ ಸುದ್ದಿ ಹೇಳ್ತೀನಿ. ಆಕಾಶವಾಣಿಯವ್ರು 1940ರಿಂದ 1971ರ ತನಕ ಅದನ್ನ ಒಳಗ ಬಿಟ್ಟಿರಲಿಲ್ಲ, ಮೀಂಡ್, ಅಂದ್ರ ಸ್ವರದಿಂದ ಸ್ವರಕ್ಕ ಜಾರೋದು, ಬರಾಂಗಿಲ್ಲ, ಶ್ರುತಿ ಸೂಕ್ಷ್ಮ ಇಲ್ಲ ಅಂತ ಏನೇನೋ ಕಾರಣ. ಅವ್ರಿಗೆ ಮಂಡಾಳಿನ, ಅಂದ್ರ ಮಂಡಕ್ಕಿ ಕಾಳಿನ, ಕಾರಣ ಗೊತ್ತಿರಲಿಲ್ಲ ಅನ್ಸತೈತಿ. ಕುಷ್ಟಗಿ ಕಡೆ ಒಂದು ಗುಡ್ಯಾಗ ರಾತ್ರಿ ಕಾರ್ಯಕ್ರಮ, ಮಾಲ್‌ಕೌಂಸ್ ಅಂತ ಹೇಳಿ ಶುರು ಮಾಡಿದ್ರು. ಬಲ್ಲವ್ರಿಗೆ ಗೊತ್ತೈತಿ, ಆ ರಾಗದಾಗ ರಿಷಭ ಇಲ್ಲ, ಪಂಚಮ ಇಲ್ಲ, ತಂಬೂರಿನೂ ಪಂಚಮ ಬಿಟ್ಟು ಮಧ್ಯಮಕ್ಕ ಕೂಡಿಸ್ಕೋತಾರ. ಗಾಯಕರ ಷಡ್ಜ ಹಾರ್ಮೋನಿಯಂನ ಮೊದಲ್ನೇ ಕಪ್ಪು ಮಣಿ, ಕಪ್ಪು ಒಂದು, ಅದರ ಪಂಚಮ ಅಂದ್ರ ಕಪ್ಪು ನಾಲ್ಕು. ಆ ಕಪ್ಪು ನಾಲ್ಕ ಕೆಳಗ ಹೋಗಿ ಕುಂತದ್ದು ಮ್ಯಾಲ ಬರವಲ್ದು. ಮಾಸ್ತರು ಗಾಳಿ ತುಂಬೋ ಭಾತಿ ಒತ್ತಿದ್ರೆಂದ್ರ ಪೀಂ ಅಂತ ಪಂಚಮ, ಬ್ಯಾರೆ ಯಾವ ಸ್ವರ ಹಿಡಿದ್ರೂ ಅದರ ಬೆನ್ನಿಗೆ ಪೀಂ. ಇಡೀ ಗುಡ್ಯಾಗ ಬರಬಾರದ ಸ್ವರ ಒಂದಿತ್ತು, ಅದೊಂದ ಕೇಳಾಕತ್ತಿತ್ತು.

ಗಾಯಕರು ಹಾಡೋದು ನಿಲ್ಲಿಸಿ ನೀರು ಕುಡಿದ್ರು. ಮಾಸ್ತರು ಪೆಟಗಿ ಮಗ್ಗಲಾ ಮಾಡಿ, ಊದಿ, ಬಡಿದು, ಕಿವಿ ಹಚ್ಚಿ, ಆಮ್ಯಾಲ ನನ್ನ ಕಡೆ ನೋಡಿ "ಸರ, ಬಸ್ಸಿನ ಟಿಕೆಟ್ ಐತೇನ್ರಿ?" ಅಂದ್ರು. ಮಾಸ್ತರು ಎದ್ದು ಹೊಂಟಾರೋ ಏನೋ ಅಂತ ನಾ ಗಾಬರಿ ಆದೆ. ಟಿಕೆಟ್ ಕೊಟ್ಟೆ. ಅದನ್ನ ಉದ್ದಕ ಎರಡು ಮಡಿಕಿ ಮಾಡಿ ಎರಡು ಮಣಿ ನಡುವಿನ ಸಂದ್ಯಾಗ ಇಳಿಸಿ, ಕಸಬಾರಗಿ ಆಡ್ಸಿದಂಗ ಈ ಕಡೆಯಿಂದ ಆ ಕಡೆ ಆಡ್ಸಿ, ಮೆಲ್ಲಕ ಎತ್ತಿದ್ರು. ತುದ್ಯಾಗ ಒಂದು ಮಂಡಾಳು. ಒಗ್ಗರಣಿ ಹಾಕಿದ್ದು, ಅರಿಷಿಣ ಹತ್ತಿ ಹಳದಿ ಆಗಿತ್ತು, ಒಂದು ಸಾಸಿವೀನೂ ಅಂಟ್ಕೊಂಡಿತ್ತು. ಕಪ್ಪು ನಾಲ್ಕು ಟಕ್ ಅಂತ ಮ್ಯಾಲ ಬಂತು. ಮಂದಿ ಚಪ್ಪಾಳಿ ಹೊಡ್ದದ್ದೇನು, ಅವತ್ತಿನ ಕಾರ್ಯಕ್ರಮದಾಗ ಅಷ್ಟು ಜೋರು ಚಪ್ಪಾಳಿ ಬ್ಯಾರೆ ಯಾರಿಗೂ ಬೀಳಲಿಲ್ಲ, ಗಾಯಕರಿಗೂ. ಸಂಜಿಕಿ ಒಗ್ಗರಣಿ ಮಿರ್ಚಿ ತಿನ್ಕೊಂತ ಆ ಪೆಟಗಿ ಮ್ಯಾಲ ತಟ್ಟಿ ಇಟ್ಟವ್ರು ಯಾರು ಅಂತ ಕಮಿಟ್ಯಾಗ ಈಗ್ಲೂ ಜಗಳ ಐತಿ. ವಾಪಸ್ ಬರೋ ಬಸ್ಸಿನ್ಯಾಗ ನಾ ಮಾತ್ರ ಟಿಕೆಟ್ ಜ್ವಾಪಾನ ಮಾಡಿ ಕಿಸೇದಾಗ ಇಟ್ಕೊಂಡೆ, ಆ ದಿನದಿಂದ ಹಳೇ ಟಿಕೆಟ್ ಒಗಿಯೋದ ಬಿಟ್ಟೀನಿ.

ಬಳ್ಳಾರಿ ಕಡೆ ಹೋದ್ರ ಕೇಳೋರ ರೀತಿನ ಬ್ಯಾರೆ. ನಟ ಬಳ್ಳಾರಿ ರಾಘವ ಅವ್ರ ಊರದು, ಕನ್ನಡ ತೆಲುಗು ಎರಡೂ ನಾಲಿಗಿ ಮ್ಯಾಲ, ಕಿವಿನೂ ಅರ್ಧ ಹಿಂದೂಸ್ತಾನಿ ಅರ್ಧ ಕರ್ನಾಟಕಿ. ನನ್ನ ಬಾಜೂಕ ಕುಂತ ಹಿರಿಯಾರೊಬ್ರು ಏನು ನಡೀಲಿ ಬಿಡ್ಲಿ ತೊಡಿ ಮ್ಯಾಲ ಆದಿತಾಳ ಹಾಕೋರು. ತೀನ್‌ತಾಲ್ ನಡಿಯೋ ತನಕ ಏನೂ ತೊಂದ್ರಿ ಇರಲಿಲ್ಲ, ಅದು ಹದಿನಾರು ಮಾತ್ರಿ, ಅಂದ್ರ ಎಣಿಕಿ, ಇದು ಎಂಟು, ಇದರ ಎರಡು ಸುತ್ತು ಆದ್ರ ಸಮ, ಅಂದ್ರ ತಾಳ ಶುರುವಾಗೋ ಪೆಟ್ಟು, ಕೂಡತೈತಿ. ಗಾಯಕರು ಝಪ್‌ತಾಲಕ್ಕ ಹೋದ್ರು, ಹತ್ತು ಮಾತ್ರಿ. ಹಿರಿಯಾರು ಎಂಟು ಬಿಡವಲ್ರು. ಅವ್ರ ಕೈ ನೋಡಿದ್ರ ನನ್ನ ತಾಳ ತಪ್ಪತೈತಿ, ತಬಲಾ ನೋಡಿದ್ರ ಅವ್ರ ಮೊಣಕೈ ತಿವೀತೈತಿ. ಲೆಕ್ಕ ಹಾಕಿ ನೋಡ್ರಿ, ನಲವತ್ತು ಮಾತ್ರಿಗೊಮ್ಮೆ ಇಬ್ಬರೂ ಒಂದ ಕಡೆ ಬಂದು ಕೂಡ್ತಾರ. ಆವಾಗ ಹಿರಿಯಾರು ತಲಿ ಅಲ್ಲಾಡ್ಸಿ "ಈಗ ಸರಿ ಹೋತಪ್ಪ ಹುಡುಗ" ಅಂತ ತಬಲಾದವನಿಗೆ ಶಾಭಾಷ್‌ಗಿರಿ ಕೊಡೋರು. ನಡುವಿನ ಮೂವತ್ತೊಂಬತ್ತು ಮಾತ್ರಿ ಪೂರ್ತಿ ಅವನ ಕಡೆ ಕನಿಕರದಿಂದ ನೋಡೋರು.

ಇಷ್ಟೆಲ್ಲಾ ಆದ್ರೂ ನಾ ಯಾಕ ಹೊಕ್ಕೀನಿ ಅಂದ್ರ ಎರಡು ಮೊಳ ದೂರದಾಗ ಕುಂತಾಗ ಕಾಣೋದು ಎಲ್ಲೂ ಕಾಣಾಂಗಿಲ್ಲ. ಗಾಯಕರು ತಾನ್ ತಗೊಳ್ಳೋ ಮೊದ್ಲು ತಬಲಾದವ್ರ ಕಡೆ ಓರೆಗಣ್ಣು ಮಾಡಿ "ಬರ್ತೀಯಾ?" ಅನ್ನೋದು, ಅವ್ರು ಹುಬ್ಬು ಹಾರಿಸಿ "ಬರ್ರಿ" ಅನ್ನೋದು, ಮೈಕಿನ್ಯಾಗ ಬರದ ಆ ಮಾತುಕತಿ ಯಾವ ಯೂಟ್ಯೂಬಿನ್ಯಾಗೂ ಸಿಗಾಂಗಿಲ್ಲ.

ಇನ್ನ ನಮ್ಮ ಅವ್ವನ ಕಛೇರಿ. ಹೌದು, ಅವ್ವಂದ. ಕೊಪ್ಪಳದಾಗ ಒಂದು ಬೈಠಕ್, ಇಲೆಕ್ಟ್ರಾನಿಕ್ ತಂಬೂರಿ ಡಬ್ಬಿ ಕೈ ಕೊಟ್ಟಿತ್ತು. ಎಲ್ಲಾರೂ ನನ್ನ ಕಡೆ ನೋಡಿದ್ರು, ನನ್ನ ಫೋನಿನ್ಯಾಗ ತಂಬೂರಿ ಆ್ಯಪ್ ಐತಿ ಅಂತ ಅವ್ರಿಗೆ ಗೊತ್ತು. ಫೋನ್ ಇಸ್ಕೊಂಡ್ರು, ಮೈಕ್‌ಸೆಟ್ ಹುಡುಗ ಅದಕ್ಕ ವಯರ್ ಚುಚ್ಚಿ ಮಿಕ್ಸರಿಗೆ ಕೊಟ್ಟ, ಎರಡೂ ಬಾಕ್ಸಿನ್ಯಾಗ ತಂಬೂರಿ ಘಂ ಅಂತು. ನೆಟ್‌ವರ್ಕ್ ಬಂದ್ ಮಾಡ್ರಿ ಅಂತ ಹೇಳಾಕ ನಾ ಎದ್ದೆ, "ಕುಂದ್ರಿ ಕುಂದ್ರಿ, ಆಲಾಪ ಚಾಲೂ ಆತು" ಅಂತ ಹಿಂದಿನವ್ರು ಅಂಗಿ ಹಿಡಿದು ಜಗ್ಗಿ ಕುಂದ್ರಿಸಿದ್ರು. ಗಾಯಕರು ಕಣ್ಣು ಮುಚ್ಚಿ ತಾರಷಡ್ಜಕ್ಕ, ಅಂದ್ರ ಮ್ಯಾಲಿನ 'ಸಾ'ಕ್ಕ, ಏರಾಕ ಹತ್ತಾರ, ಅದಕ್ಕ ಒಂದ ಮೆಟ್ಲ ಕೆಳಗ ನಿಷಾದದ ಮ್ಯಾಲ ನಿಂತಾರ, ಎಲ್ಲಾರೂ ಉಸಿರು ಹಿಡಿದೀವಿ, ತಂಬೂರಿ ಗಪ್ ಆತು, ರಿಂಗ್‌ಟೋನ್ ಬಂತು. ಹಾರ್ಮೋನಿಯಂ ಮಾಸ್ತರು ಬಾಜೂಕ ಇದ್ದವ್ರು ಕಟ್ ಮಾಡಾಕ ಹೋಗಿ ಹಸರು ಕಡೆ ಸರಿಸಿಬಿಟ್ರು. ಎರಡು ಬಾಕ್ಸಿನ್ಯಾಗ, ಮ್ಯಾಲ ಎಕೋ ಬ್ಯಾರೆ ಹಾಕಿದ್ರು, ನಮ್ಮ ಅವ್ವ:

"ಎಲ್ಲಿ ಅದಿಯೋ... ಅದಿಯೋ... ರೊಟ್ಟಿ ಆರಾಕತ್ಯಾವು... ತ್ಯಾವು... ಪುಂಡಿಪಲ್ಯ ಮಾಡೀನಿ, ಬರ್ತೀಯೋ ಇಲ್ಲ ಬೆಕ್ಕಿಗೆ ಹಾಕ್ಲೋ..."

ಸಭಾದಾಗ ಒಂದು ಚಣ ಯಾರೂ ಉಸರಿಲ್ಲ. ಆಮ್ಯಾಲ ಹಿಂದಿನಿಂದ ಯಾರೋ "ಬರ್ತಾರ ಬೇ ಯವ್ವ, ಇನ್ನ ದ್ರುತ್ ಐತಿ" ಅಂದ್ರು. ದ್ರುತ್ ಅಂದ್ರ ಕಡೀಕ ಬರೋ ಜೋರು ಲಯದ ಭಾಗ. ಅವ್ವ ಬಿಡ್ಬೇಕಲ್ಲ, "ಯಾವ ದೃಷ್ಟಿ? ಯಾರಿಗೆ ಬಡದೈತಿ?" ಅಂದ್ಲು. ಗಾಯಕರು ಕಣ್ಣು ತೆರೆದ್ರು. ಸಿಟ್ಟಾದ್ರೋ ಅಂತ ನಾ ತಲಿ ತಗ್ಗಿಸೋದ್ರಾಗ ಅವ್ರು ಹೊಟ್ಟಿ ಹಿಡ್ಕೊಂಡು ನಗಾಕತ್ತಿದ್ರು. ನಿಷಾದದ ಮ್ಯಾಲ ನಿಂತವ್ರು ಅಲ್ಲೇ ನಿಂತಿದ್ರು ನೋಡ್ರಿ, ನಗಿ ತಡ್ಕೊಂಡು ಷಡ್ಜ ಹಚ್ಚಿದ ಮ್ಯಾಲ ಮುಂದಿನ ನಿಧಾನ ಲಯದ ಬಡೇ ಖ್ಯಾಲ್ ಎಂಥಾ ಬಿಚ್ಚು ಮನಸಿಂದ ಹಾಡಿದ್ರು ಅಂದ್ರ, ಅದಕ್ಕಿಂತ ಮೊದ್ಲಿನ ಬಿಗು ಇರಲೇ ಇಲ್ಲ. ಕಡೀಕ ಭೈರವಿ ಆದ ಮ್ಯಾಲ ಶಾಲು ಹೊದಿಸೋವಾಗ ಮೈಕಿನ್ಯಾಗ "ಊಟಕ್ಕ ಕರೆದ ತಾಯಿಗೂ ನಮಸ್ಕಾರ" ಅಂದ್ರು. ಮುಖ್ಯ ಅತಿಥಿ ಮೊದ್ಲ ಎದ್ದು ಹೋಗಿದ್ರಿಂದ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಉಳಿದಿತ್ತು, ಅದನ್ನ ನನ್ನ ಕೊಳ್ಳಿಗೆ ಕಟ್ಟಿ ಫೋಟೋ ಹೊಡ್ಕೊಂಡ್ರು. ಬುಟ್ಟ್ಯಾಗಿನ ದ್ರಾಕ್ಷಿ ಅಷ್ಟರಾಗ ಯಾರೋ ತಿಂದಿದ್ರು.

ಮೊನ್ನೆ ಕಾರ್ಯದರ್ಶಿಗಳು ಮುಂದಿನ ತಿಂಗಳ ಪತ್ರಿಕಿ ವಾಟ್ಸಾಪಿಗೆ ಹಾಕಿದ್ರು. ಕೆಳಗ ನನಗಷ್ಟ ಅಂತ ಒಂದು ವಾಯ್ಸ್ ಮೆಸೇಜು: "ಸರ, ಪತ್ರಿಕ್ಯಾಗ ಆರು ಅಂತ ಐತಿ, ನೀವು ನಾಕಕ್ಕ ಬರ್ರಿ, ಜಮಖಾನಿ ಹಾಸೋದೈತಿ. ಫೋನ್ ಫುಲ್ ಚಾರ್ಜ್ ಇರ್ಲಿ. ಹಳೇ ಬಸ್ ಟಿಕೆಟ್ ಇದ್ರ ತರ್ರಿ. ಮತ್ತ ಈ ಸಲ ಅವ್ವಾರ್ನೂ ಕರ್ಕೊಂಡ ಬರ್ರಿ, ಫೋನ್ ಮಾಡೋ ತ್ರಾಸು ತಪ್ಪತೈತಿ, ನಮಗೂ ಒಬ್ಬರು ಹೆಚ್ಚಾಕ್ಕಾರ."