ಆ "ಇಲಿ" ಅನ್ನೋ ಪದ ಎಲ್ಲಿ ಹೋಯ್ತು?

ಬೆಳಿಗ್ಗೆಯಿಂದ ಮೂರು ಜನ ಒಂದೇ ಫಾರ್ವರ್ಡ್ ಕಳ್ಸಿದ್ದಾರೆ, ಕ್ಯಾನ್ಸರ್ ಗೆಡ್ಡೆ ಪೂರ್ತಿ ಮಾಯ ಅಂತ. ಮೂಲ ವರದಿ ಹುಡುಕಿ ಓದಿದೆ, ಕೆಲಸ ಚೆನ್ನಾಗೇ ಮಾಡಿದ್ದಾರೆ. ಆದ್ರೆ ಗೆಡ್ಡೆ ಕರಗಿರೋದು ಇಲಿ ಮೈಯಲ್ಲಿ! ಆ ಎರಡಕ್ಷರ ಹೆಡ್‌ಲೈನಲ್ಲೇ ಇಲ್ಲ.

ನಾನೂ ಎಷ್ಟೋ ವರ್ಷ ಇದೇ ಕೆಲಸ ಮಾಡಿದೀನಿ. ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯ ಒಂದು ಚೂರನ್ನ ಇಲಿಯ ಚರ್ಮದಡಿ ಇಟ್ಟು, ಅದು ಹಿಡ್ಕೊಳ್ಳುತ್ತಾ ಇಲ್ವಾ ಅಂತ ಕೆಲವು ಸಲ ತಿಂಗಳುಗಟ್ಟಲೆ ಕಾಯೋದು, ಹಿಡ್ಕೊಂಡ್ರೆ ಆಮೇಲೆ ಕ್ಯಾಲಿಪರ್ ಅನ್ನೋ ಅಳತೆ ಸಾಧನ ತಗೊಂಡು ಉದ್ದ ಅಗಲ ಅಳೀತಾ ಹೋಗೋದು. ಅಗಲವನ್ನ ಅಗಲದಿಂದಲೇ ಗುಣಿಸಿ, ಅದನ್ನ ಉದ್ದದಿಂದ ಗುಣಿಸಿ, ಅರ್ಧ ಮಾಡಿದ್ರೆ ಗೆಡ್ಡೆಯ ಗಾತ್ರ. "ಗೆಡ್ಡೆ ಕರಗಿತು" ಅನ್ನೋ ಸುದ್ದಿ ಹುಟ್ಟೋದು ಎಷ್ಟೋ ಸಲ ಈ ಅಳತೆಯಿಂದ.

ಆ ಇಲಿನೂ ಮಾಮೂಲಿ ಇಲಿ ಅಲ್ಲ. ಮಾಮೂಲಿ ಇಲಿ ಆದ್ರೆ ಅದರ ರೋಗನಿರೋಧಕ ಶಕ್ತಿ ಮನುಷ್ಯರ ಗೆಡ್ಡೆನ ಉಳಿಯೋಕೇ ಬಿಡಲ್ಲ. 1962ರಲ್ಲಿ ಗ್ಲಾಸ್ಗೋದಲ್ಲಿ ಕೂದಲಿಲ್ಲದ ಇಲಿಗಳು ಕಣ್ಣಿಗೆ ಬಿದ್ವು, ಅವಕ್ಕೆ ರೋಗದ ಜೊತೆ ಹೋರಾಡೋ ಟಿ ಕೋಶಗಳು ತಯಾರಾಗೋ ಥೈಮಸ್ ಗ್ರಂಥಿ ಇಲ್ಲ ಅಂತ ಗೊತ್ತಾಗಿದ್ದು 1968ರಲ್ಲಿ. ಮರುವರ್ಷ ಡೆನ್ಮಾರ್ಕ್‌ನಲ್ಲಿ ರೈಗಾರ್ಡ್, ಪೋವ್ಲ್ಸೆನ್ ಅನ್ನೋ ಇಬ್ಬರು ಸಂಶೋಧಕರು ರೋಗಿಯೊಬ್ಬರ ದೊಡ್ಡ ಕರುಳಿನ ಕ್ಯಾನ್ಸರ್ ತುಂಡನ್ನ ಅಂಥ ಇಲಿಗೆ ಕಸಿ ಮಾಡಿದ್ರು, ಅದು ಬೆಳೀತು. ಈಗಂತೂ ಟಿ ಕೋಶ, ಬಿ ಕೋಶ, ಎನ್‌ಕೆ ಕೋಶ ಯಾವುದೂ ಇಲ್ಲದ, ಎನ್‌ಎಸ್‌ಜಿ ಅನ್ನೋ ತಳಿಯ ಇಲಿಗಳಿವೆ. ಅಂದ್ರೆ ರೋಗದ ಜೊತೆ ಹೋರಾಡೋ ಸೈನ್ಯನೇ ಹೆಚ್ಚುಕಡಿಮೆ ಇಲ್ಲದ ಮೈ ಅದು. ನಮ್ಮದೇ ಸೈನ್ಯನ ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡೋ ಔಷಧಿಗಳಿವೆಯಲ್ಲ, ಅವನ್ನ ಈ ಇಲಿಯಲ್ಲಿ ಹಾಗೇ ಪರೀಕ್ಷೆ ಮಾಡೋಕಾಗಲ್ಲ, ಮೊದಲು ಮನುಷ್ಯರ ರಕ್ತದ ಮೂಲಕೋಶ ಕೊಟ್ಟು ಸಿದ್ಧ ಮಾಡ್ಬೇಕು. ಇನ್ನೊಂದು, ಗೆಡ್ಡೆನ ಒಂದು ಇಲಿಯಿಂದ ಇನ್ನೊಂದಕ್ಕೆ ದಾಟಿಸ್ತಾ ಹೋದ ಹಾಗೆ ಅದರ ಸುತ್ತಲಿನ ಮನುಷ್ಯರ ಅಂಗಾಂಶ ಹೋಗಿ ಅಲ್ಲಿ ಇಲಿಯದ್ದೇ ಬಂದು ಕೂರುತ್ತೆ. ಇಷ್ಟೆಲ್ಲ ಇರೋದಕ್ಕೇ ಆ ಪದ ಬೇಕು ಅನ್ನೋದು.

"ಹಾಗಾದ್ರೆ ಇಲಿ ಪ್ರಯೋಗನೇ ದಂಡ" ಅಂತ ಕೆಲವರು ಶುರು ಮಾಡ್ತಾರೆ. ಅದೂ ತಪ್ಪು. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ರಕ್ತನಾಳ ಎಲ್ಲಿಂದ ಬರುತ್ತೆ? ಲಿವರ್‌ಗೆ ಹೋಗಿ ಔಷಧಿ ಏನಾಗುತ್ತೆ ಅಂತ ಆ ತಟ್ಟೆ ಹೇಳುತ್ತಾ? ನಾನು ಅಳತೆ ಮಾಡಿದ ಪ್ರತಿ ಇಲಿಗೂ ಋಣಿ.

ನನ್ನ ಸಿಟ್ಟು ಇಲಿ ಮೇಲಲ್ಲ. ಅಮ್ಮನಿಗೆ ಖಾಯಿಲೆ ಇದ್ದಾಗ ಇಂಥದ್ದೇ ಒಂದು ಸುದ್ದಿನ ಪೇಪರಿಂದ ಕತ್ತರಿಸಿ ಪರ್ಸಲ್ಲಿ ಇಟ್ಕೊಂಡಿದ್ರು. "ಡಾಕ್ಟ್ರೇ, ಈ ಔಷಧಿ ನನಗೆ ಯಾವಾಗ ಕೊಡ್ತೀರಿ?" ಅಂತ ಕೇಳಿದ್ರು. ಆಚೆ ಬಂದ್ಮೇಲೆ ನಾನೇ ಹೇಳ್ಬೇಕಾಯ್ತು, ಅಮ್ಮಾ ಅದು ಇಲಿಗಳಲ್ಲಿ ಆಗಿರೋದು ಅಂತ. "ಅದನ್ನ ಇಲ್ಲಿ ಬರೆದೇ ಇಲ್ವಲ್ಲೇ" ಅಂದ್ರು. ಕಾಗದ ಮಡಚಿ ಮತ್ತೆ ಪರ್ಸಲ್ಲೇ ಇಟ್ರು, ಎಸೀಲಿಲ್ಲ.

ಆ ಮೂರೂ ಜನಕ್ಕೆ ರಿಪ್ಲೈ ಮಾಡಿದೀನಿ, ಮೊದಲ ಸಾಲಿಗೆ "ಇಲಿಗಳಲ್ಲಿ" ಅಂತ ಸೇರಿಸಿ ಎಲ್ಲಾ ಗ್ರೂಪಿಗೂ ಮತ್ತೆ ಕಳ್ಸಿ ಅಂತ. ಒಬ್ರು ಕಳ್ಸಿದ್ದಾರೆ.